ಎದುರಿಗೆ ಬಂದು ಹೇಳುವುದು

ನನ್ನ ಸೊಸೆಯ ದನಿ ಊರಿಗೆಲ್ಲ ಗೊತ್ತು. ಬಸ್ ನಿಲ್ದಾಣದ ಮಹಡಿಯ ಮೇಲೊಂದು ಪುಟ್ಟ ಕೋಣೆಯಿದೆ. ಅಲ್ಲಿ ಕುಳಿತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾರ ಕೈಚೀಲ ವಿಚಾರಣೆಯ ಕಿಟಕಿಯ ಹತ್ತಿರ ಸಿಕ್ಕಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಮುಖ ಕಂಡವರು ಕಡಿಮೆ. ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ, "ಓ, ಅದು ನೀವೇನಾ!" ಅನ್ನುತ್ತಾರೆ. ಅಷ್ಟು ಹೆಸರಾದ ದನಿ ಅದೇ ಮನೆಯಲ್ಲಿದ್ದ ನನ್ನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನನ್ನ ಕಿವಿ ಹೋಗಿತ್ತು. ಅದು ನನಗೇ ಗೊತ್ತಿರಲಿಲ್ಲ.

ಹೀಗೆಂದರೆ ಜನ ನಂಬುವುದಿಲ್ಲ. ಕಣ್ಣು ಹೋದರೆ ಗೋಡೆಗೆ ಡಿಕ್ಕಿ ಹೊಡೆಯುತ್ತೇವೆ, ತಕ್ಷಣ ತಿಳಿಯುತ್ತದೆ. ಕಿವಿ ಮೆಲ್ಲಮೆಲ್ಲಗೆ ಹೋದರೆ ಹಾಗಲ್ಲ. ಉಳಿದವರೆಲ್ಲ ಪಿಸುಗುಡುತ್ತಿದ್ದಾರೆ ಅನಿಸುತ್ತದೆ, ಅಷ್ಟೆ. ಈಗಿನ ಹುಡುಗಿಯರಿಗೆ ಬಾಯಿಬಿಟ್ಟು ಮಾತಾಡಲು ಏನು ದಾಡಿ ಎಂದು ನಾನು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ.

ನಾನು ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ನೇಯ್ದವಳು. ಇನ್ನೂರು ಮಗ್ಗಗಳು ಒಂದೇ ಸೂರಿನಡಿ ಒಟ್ಟಿಗೆ ಓಡುವ ಕೊಠಡಿ ಅದು. ಅಲ್ಲಿ ಸದ್ದು ಕೇಳಿಸುವುದು ಎನ್ನುವುದಕ್ಕಿಂತ ಮೈಗೆ ತಾಗುವುದು ಎನ್ನಬೇಕು. ನೆಲ ನಡುಗುತ್ತಿತ್ತು, ಹಲ್ಲು ನಡುಗುತ್ತಿತ್ತು, ಡಬ್ಬಿಯಲ್ಲಿ ತಂದ ಅನ್ನವೂ ನಡುಗುತ್ತಿತ್ತು. ಕಿರುಚಿದರೂ ಪಕ್ಕದವರಿಗೆ ಕೇಳದು. ಆದ್ದರಿಂದ ನಾವು ಯಾರೂ ಕಿರುಚುತ್ತಿರಲಿಲ್ಲ. ದನಿಯನ್ನೇ ಬಿಟ್ಟು ಬರಿಯ ತುಟಿಯಲ್ಲಿ ಮಾತಾಡುತ್ತಿದ್ದೆವು. ಅಕ್ಷರ ಅಕ್ಷರವನ್ನೂ ತುಟಿಯಲ್ಲಿ ಅಗಲವಾಗಿ ಬಿಡಿಸಿ, ಜೊತೆಗೆ ಹುಬ್ಬು ಮತ್ತು ಕೈ ಸೇರಿಸಿ. ಮದುವೆ, ಬಸಿರು, ಬಾಡಿಗೆ ಮನೆ, ಮೇಲಿನವರ ಮೇಲಿನ ಚಾಡಿ, ಎಲ್ಲವೂ ಹಾಗೇ ನಡೆಯುತ್ತಿತ್ತು.

ಅದಕ್ಕೊಂದು ಪದ್ಧತಿ ಇತ್ತು. ಒಮ್ಮೆ ಮೇಸ್ತ್ರಿಯೊಬ್ಬ ದೂರದಿಂದ ಕೈಯೆತ್ತಿ ನಿಲ್ಲು ಎಂದ. ಈ ಕಡೆಯವಳು ಅದನ್ನು ಓಡಿಸು ಎಂದುಕೊಂಡು ಸ್ವಿಚ್ಚು ಒತ್ತಿದಳು. ಮಗ್ಗದೊಳಗೆ ಕೈಯಿಟ್ಟಿದ್ದ ಇನ್ನೊಬ್ಬಳ ಎರಡು ಬೆರಳು ಹೋದವು. ಅಂದಿನಿಂದ ನಾವೇ ಹೆಂಗಸರು ಸೇರಿ ಕಟ್ಟುಮಾಡಿಕೊಂಡೆವು: ದೂರದಿಂದ ಯಾರೂ ಏನೂ ಹೇಳಬಾರದು. ಹತ್ತಿರ ಬಂದು ಭುಜ ಮುಟ್ಟಬೇಕು, ಎದುರಿಗೆ ನಿಲ್ಲಬೇಕು, ಕಣ್ಣು ಕೂಡಿದ ಮೇಲೆ ಒಂದೇ ಒಂದು ವಿಷಯ ಹೇಳಬೇಕು. ಕೇಳಿದವಳು ಅದನ್ನು ತನ್ನ ಬಾಯಲ್ಲಿ ತಿರುಗಿ ಹೇಳುವ ತನಕ ಹೇಳಿದವಳು ಅಲ್ಲಿಂದ ಕದಲಬಾರದು. ನೋಡಿದವರಿಗೆ ಇದು ಗಿಳಿಪಾಠದಂತೆ ಕಾಣುತ್ತಿತ್ತು. ಆದರೆ ನಮ್ಮ ಸಾಲಿನಲ್ಲಿ ಮತ್ತೆ ಯಾರ ಬೆರಳೂ ಹೋಗಲಿಲ್ಲ.

ನನ್ನ ಮಗ ಮಾತು ಕಲಿತದ್ದೂ ಹೀಗೆಯೇ. ಏನಾದರೂ ಬೇಕಾದರೆ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದ. ಈಗ ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮೀಸೆ ಬಂದಿದೆ, ಮಗಳು ಹುಟ್ಟಿದ್ದಾಳೆ. ಇವತ್ತಿಗೂ ಭುಜ ತಟ್ಟದೆ ನನ್ನ ಹತ್ತಿರ ಬಾಯಿ ತೆರೆಯುವುದಿಲ್ಲ. ಹಾಗಾಗಿ ನನ್ನ ಕಿವಿಯ ಸುದ್ದಿ ಅವನಿಗೂ ತಿಳಿಯಲಿಲ್ಲ.

ಒಂದು ಮಂಗಳವಾರ ಗಡಿಯಾರದ ಧೂಳು ಒರೆಸುವಾಗ ಅದರ ಕೆಳಗೆ ಮಡಿಸಿಟ್ಟ ಪತ್ರ ಸಿಕ್ಕಿತು. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಮಿಲ್ಲಿನ ರಾತ್ರಿ ಶಾಲೆಯಲ್ಲಿ. ಅಂದಿನಿಂದ ಅಕ್ಷರ ಇರುವ ಯಾವ ಕಾಗದವನ್ನೂ ಓದದೆ ಬಿಟ್ಟವಳಲ್ಲ. ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣವನ್ನೂ ಬಿಡಿಸಿ ಓದುತ್ತೇನೆ. ಇದನ್ನೂ ಓದಿದೆ. ಸೊಸೆಯನ್ನು ನಿಲ್ದಾಣದ ಮುಖ್ಯ ಪ್ರಕಟಣೆಗಾರ್ತಿಯಾಗಿ ಮಾಡಿದ್ದರು. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಕೆಲಸ, ಹೊಸದಾಗಿ ಬರುವ ಮೂವರಿಗೆ ಕಲಿಸುವ ಹೊಣೆ. ಒಪ್ಪಿಗೆಯನ್ನು ಶನಿವಾರ ಸಂಜೆಯೊಳಗೆ ಬರೆದು ಕೊಡಬೇಕು; ಇಲ್ಲವಾದರೆ ಜಾಗ ಇನ್ನೊಬ್ಬರಿಗೆ.

ಅಲ್ಲಿಯವರೆಗೆ ಅವಳದು ಸಂಜೆಯ ಪಾಳಿ. ಮಗ ಡಿಪೋದಿಂದ ಬಂದ ಮೇಲೆ ಒಂಬತ್ತು ತಿಂಗಳ ಪುಟ್ಟಿಯನ್ನು ಅವನ ಕೈಗಿಟ್ಟು ಹೊರಡುತ್ತಿದ್ದಳು. ಬೆಳಗಿನ ಪಾಳಿ ಎಂದರೆ ಅವನೂ ಇಲ್ಲ, ಇವಳೂ ಇಲ್ಲ. ಮಗು ನನ್ನ ಹತ್ತಿರ ಇರಬೇಕು. ನನಗೆ ಹಿಗ್ಗಾಯಿತು. ನನ್ನ ಮಗನನ್ನು ಸಾಕುವ ಕಾಲದಲ್ಲಿ ನಾನು ಮಗ್ಗದ ಮುಂದೆ ನಿಂತಿದ್ದೆ. ಅವನು ಮೊದಲ ಹೆಜ್ಜೆ ಇಟ್ಟದ್ದನ್ನು ಕಂಡದ್ದು ಪಕ್ಕದ ಮನೆಯವಳು. ಈ ಮಗುವಿನದನ್ನಾದರೂ ನಾನೇ ನೋಡಬೇಕು ಎಂದು ಆಸೆ.

ಹಾಗಿದ್ದರೆ ನಾನೇ ಮೊದಲು ಹೇಳಬಹುದಿತ್ತಲ್ಲ ಎಂದು ಕೇಳುವಿರಿ. ಕೇಳದೆ ಇನ್ನೊಬ್ಬರ ಮಗ್ಗಕ್ಕೆ ಕೈಹಾಕುವುದು ನಮ್ಮಲ್ಲಿ ಮಹಾ ಒರಟುತನ. ಮಗು ಅವಳದು, ಕೆಲಸ ಅವಳದು. ಅವಳು ಕೇಳಲಿ, ಕೇಳಿದ ಕೂಡಲೆ ಹೂಂ ಅನ್ನೋಣ ಎಂದು ಪತ್ರವನ್ನು ಇದ್ದ ಹಾಗೆಯೇ ಮಡಿಸಿಟ್ಟು ಕಾದೆ. ಕಾಯುವುದು ನನಗೆ ಕಷ್ಟವಲ್ಲ.

ಅವಳು ಅಷ್ಟರಲ್ಲಿ ಒಮ್ಮೆ ಕೇಳಿಯಾಗಿತ್ತು. ಆಮೇಲೆ ಇನ್ನೂ ಎರಡು ಬಾರಿ ಕೇಳಿದಳು. ಇದೆಲ್ಲ ನನಗೆ ಗೊತ್ತಾದದ್ದು ನಂತರ.

ಮೊದಲನೆಯ ಸಲ ಅದೇ ಮಂಗಳವಾರ ಬೆಳಗ್ಗೆ, ಪಾತ್ರೆ ತೊಳೆಯುತ್ತ, ನನಗೆ ಬೆನ್ನು ಹಾಕಿ, ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡು: "ಅತ್ತೆ, ಬೆಳಗಿನ ಡ್ಯೂಟಿ ಕೊಟ್ರೆ ಪುಟ್ಟೀನ ನೀವು ನೋಡ್ಕೋತೀರಾ?" ನಾನು ತಟ್ಟೆ ಒರೆಸುತ್ತಿದ್ದವಳು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಟ್ಟೆ ಹರವಲು ಹಿತ್ತಲಿಗೆ ನಡೆದೆ. ಎರಡನೆಯದು ಬುಧವಾರ ಕನ್ನಡಿಯ ಮುಂದೆ, ಕೂದಲಿನ ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು. ನಾನು ಅವಳನ್ನು ನೋಡಿ ಚೆನ್ನಾಗಿ ಕಾಣುತ್ತಿದ್ದಾಳೆ ಎಂದು ನಕ್ಕು ಮುಂದೆ ಹೋದೆನಂತೆ. ಮೂರನೆಯದು ಅದೇ ಸಂಜೆ ಬಾಗಿಲಲ್ಲಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತ: "ಶನಿವಾರದೊಳಗೆ ಹೇಳ್ಬೇಕು ಅತ್ತೆ, ನೀವು ಏನೂ ಹೇಳ್ತಾನೇ ಇಲ್ಲ." ಅದಕ್ಕೆ ನಾನು, "ಮೋಡ ಕವಿದಿದೆ, ಛತ್ರಿ ತಗೊಂಡು ಹೋಗು," ಎಂದೆನಂತೆ.

ಅವಳು ಅಳುತ್ತಲೇ ಬಸ್ಸು ಹತ್ತಿದಳು. ಆ ಸಂಜೆ ಗಂಡನಿಗೆ ಫೋನ್ ಮಾಡಿ, "ನಾನು ಕೆಲಸಕ್ಕೆ ಹೋಗೋದೇ ನಿಮ್ಮಮ್ಮಂಗೆ ಇಷ್ಟ ಇಲ್ಲ," ಎಂದಳಂತೆ. ಅವನು, "ಹಾಗೇನಿಲ್ಲಪ್ಪ, ನಾನು ಕೇಳ್ಲಾ?" ಎಂದ. "ಬೇಡ. ನಾನು ಕೇಳಿದಾಗ ಬರದ ಉತ್ತರ ನೀವು ಕೇಳಿದ್ರೆ ಬರುತ್ತೆ ಅಂತಾದ್ರೆ, ಆ ಉತ್ತರ ನಂಗೆ ಬೇಕಾಗಿಲ್ಲ." ಮಗ ಹೆಂಡತಿಯ ಮಾತು ಮೀರದವನು. ಬಾಯಿಗೆ ಬೀಗ ಹಾಕಿಕೊಂಡ.

ಗುರುವಾರ ಮಧ್ಯಾಹ್ನ ನನ್ನ ಹಳೆಯ ಜೊತೆಗಾತಿ ಬಂದಳು. ಮಿಲ್ಲಿನಲ್ಲಿ ನೂಲು ಸುತ್ತಿದ ಕಂಡಿಕೆಗಳನ್ನು ಬುಟ್ಟಿಯಲ್ಲಿ ಹೊತ್ತು ಮಗ್ಗ ಮಗ್ಗಕ್ಕೂ ಹಂಚುತ್ತಿದ್ದವಳು. ಅದಕ್ಕೇ ಅವಳು ಎಲ್ಲರಿಗೂ ಕಂಡಿಕೆ ಅಕ್ಕ. ಬುಟ್ಟಿಯ ಜೊತೆ ಸುದ್ದಿಯನ್ನೂ ಹಂಚುತ್ತಿದ್ದಳು ಎನ್ನುವುದು ಬೇರೆ ಮಾತು. ಮಗು ಒಳಗೆ ಮಲಗಿತ್ತು. ನಾವಿಬ್ಬರೂ ಅಡುಗೆಮನೆಯ ಮೇಜಿನ ಆ ಕಡೆ ಈ ಕಡೆ ಕುಳಿತು, ಟೀ ಲೋಟ ನಡುವೆ ಇಟ್ಟುಕೊಂಡು, ಅಭ್ಯಾಸದಂತೆ ದನಿಯಿಲ್ಲದೆ ಶುರುಮಾಡಿದೆವು.

"ಏನೇ, ನಿನ್ನ ಸೊಸೆ ಮುಖ ಯಾಕೆ ಊದ್ಕೊಂಡಿದೆ?" ಅವಳ ತುಟಿ ಕೇಳಿತು.

ನಾನು ಪತ್ರದ ಕಥೆ ಹೇಳಿದೆ. "ಇಷ್ಟು ದೊಡ್ಡ ಕೆಲಸ ಬಂದಿದೆ. ನನ್ನ ಹತ್ರ ಒಂದು ಮಾತು ಆಡಿಲ್ಲ ಕಣೇ. ನಾನೇನು ಈ ಮನೆ ಕಂಬವಾ?"

"ಕಂಬವಾದ್ರೆ ಒರಗಿಕೊಳ್ಳೋಕಾದ್ರೂ ಬರ್ತಿದ್ಲು," ಎಂದು ಅವಳು ಕಣ್ಣು ಹೊಡೆದಳು. ಇಬ್ಬರೂ ನಕ್ಕೆವು. ಅವಳು ಮೇಸ್ತ್ರಿಯ ನಡಿಗೆ ಅಣಕಿಸಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಸೊಸೆ ಹಾಲಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಂಡದ್ದು ಏನು? ಎರಡು ಮುದುಕಿಯರು, ಹಿಗ್ಗುವ ಕುಗ್ಗುವ ಬಾಯಿ, ಕುಣಿಯುವ ಹುಬ್ಬು, ಒಂದಿಷ್ಟೂ ಸದ್ದಿಲ್ಲ, ನಡುವೆ ನಗು. ಮಿಲ್ಲಿನ ಮಾತು ಅವಳು ಎಂದೂ ಕಂಡಿರಲಿಲ್ಲ. ತನ್ನ ಮೇಲೆಯೇ ಕದ್ದು ಆಡಿಕೊಳ್ಳುತ್ತಿದ್ದಾರೆ ಎಂದು ಯಾರಿಗಾದರೂ ಅನಿಸುತ್ತದೆ.

ಅವಳು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ಹೇಳಿ ಅತ್ತೆ, ಜೋರಾಗೇ ಹೇಳಿ, ನಾನೂ ಕೇಳ್ತೀನಿ! ಮೂರು ದಿನದಿಂದ ನಾಯಿ ಥರ ನಿಮ್ಮ ಹಿಂದೆ ಬಿದ್ದಿದೀನಿ. ನೋಡ್ಕೋತೀನಿ ಅಥವಾ ಆಗಲ್ಲ, ಎರಡರಲ್ಲೊಂದು ಹೇಳಕ್ಕೆ ನಿಮಗೆ ಬಾಯಿ ಬರಲ್ಲ. ಗೆಳತಿ ಬಂದ ಕೂಡ್ಲೆ ಬರುತ್ತಾ? ಅದೂ ನನಗೆ ಕೇಳಿಸಬಾರದು ಅಂತ ಪಿಸಪಿಸ!"

ಒಂದು ವಿಚಿತ್ರ ನಡೆಯಿತು. ಕೋಪ ಅವಳ ಬಾಯನ್ನು ಅಗಲ ಮಾಡಿತ್ತು. ಅವಳು ನಮ್ಮ ಮನೆಗೆ ಬಂದ ಎರಡು ವರ್ಷದಲ್ಲಿ ಮೊದಲ ಸಲ ಅವಳ ಮಾತು ಒಂದಕ್ಷರವೂ ಬಿಡದಂತೆ ನನ್ನನ್ನು ತಲುಪಿತು. ನಾನು ಬೈಗುಳದ ಕಡೆ ಗಮನ ಕೊಡದೆ, ಎಷ್ಟು ಚೆನ್ನಾಗಿ ಮಾತಾಡುತ್ತಾಳಲ್ಲ ಈ ಹುಡುಗಿ ಎಂದುಕೊಂಡೆ.

"ನೀನು ಯಾವಾಗ ಕೇಳ್ದೆ ನನ್ನ?" ಎಂದೆ.

"ಯಾವಾಗ! ಪಾತ್ರೆ ತೊಳೀವಾಗ. ತಲೆ ಬಾಚುವಾಗ. ನಿನ್ನೆ ಚಪ್ಪಲಿ ಹಾಕ್ಕೊಳ್ಳುವಾಗ."

"ಇಲ್ಲ. ನೀನು ಕೇಳಿಲ್ಲ."

"ನೋಡಿ, ಈಗ ಸುಳ್ಳಿ ಅಂತಾನೂ ಅಂದ್ಬಿಟ್ರಿ." ಅವಳ ಕಣ್ಣು ತುಂಬಿತು.

ಕಂಡಿಕೆ ಅಕ್ಕ ಆಗಲೇ ಎದ್ದಿದ್ದಳು. ಸೊಸೆಗೆ ತಡಿ ಎಂದು ಕೈಮಾಡಿ ನನ್ನ ಬೆನ್ನ ಹಿಂದೆ ಹೋದಳು. ಅಲ್ಲಿ ಅವಳು ಏನು ಮಾಡಿದಳೆಂದು ನನಗೆ ಸೊಸೆಯೇ ಆಮೇಲೆ ಹೇಳಿದ್ದು. ಸಾಧಾರಣ ದನಿಯಲ್ಲಿ ಮೊದಲು, "ಒಲೆ ಮೇಲೆ ಹಾಲು ಉಕ್ತಾ ಇದೆ ಕಣೇ," ಎಂದಳಂತೆ. ನಾನು ಕದಲಲಿಲ್ಲ. "ಪುಟ್ಟಿ ಮಂಚದಿಂದ ಬಿದ್ಲು," ಎಂದಳಂತೆ. ನಾನು ಸೊಸೆಯ ಮುಖವನ್ನೇ ನೋಡುತ್ತ ಕುಳಿತಿದ್ದೆ. ಕೊನೆಗೆ, "ನಿನ್ನ ಗಂಡ ಬದುಕಿದ್ದಾಗ ನನ್ನ ಎರಡು ಸಲ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ದ," ಎಂದಳಂತೆ. ನಾನು ಟೀ ಲೋಟ ಎತ್ತಿ ಒಂದು ಗುಟುಕು ಕುಡಿದೆ. ಅದು ನಿಜವೇ ಎಂದು ಈಗ ಕೇಳಿದರೆ, ಆ ಮಹಾತಾಯಿ ಇವತ್ತಿಗೂ ಬರಿದೆ ನಗುತ್ತಾಳೆ.

ಸೊಸೆಯ ಮುಖದ ರಕ್ತ ಇಳಿದುಹೋದದ್ದು ಮಾತ್ರ ನನಗೆ ಕಂಡಿತು.

ಕಂಡಿಕೆ ಅಕ್ಕ ಮುಂದೆ ಬಂದು ಕುಳಿತಳು. ದನಿಯನ್ನೂ ತುಟಿಯನ್ನೂ ಸೇರಿಸಿ, ಇಬ್ಬರಿಗೂ ತಿಳಿಯುವಂತೆ ಹೇಳಿದಳು. "ನೋಡು ಮಗಳೇ, ಇವಳಿಗೆ ಸೊಕ್ಕಿಲ್ಲ, ಕಿವಿ ಇಲ್ಲ. ನಂದೂ ಹೀಗೇ ಆಗಿತ್ತು. ನನ್ನ ಮಗಳು ಎಳ್ಕೊಂಡು ಹೋಗಿ ಮೆಷಿನ್ ಹಾಕ್ಸಿದ್ಲು. ಈಗ ಕಾಗೆ ಕೂಗೋದೂ ಕೇಳುತ್ತೆ. ಅದೊಂದು ಬೇಕಾಗಿರ್ಲಿಲ್ಲ."

"ನಂಗೇನಾಗಿದೆ?" ಎಂದು ನಾನು ರೇಗಿದೆ. "ಈಗ ನೀನು ಹೇಳಿದ್ದೆಲ್ಲ ತಿಳೀತಲ್ಲ?"

"ಕಣ್ಣು ಮುಚ್ಕೋ, ಆಮೇಲೆ ಹೇಳ್ತೀನಿ."

ಮುಚ್ಚಿಕೊಂಡೆ. ಏನೂ ಬರಲಿಲ್ಲ. ದೂರದಲ್ಲೆಲ್ಲೋ ಹತ್ತಿಯ ಮೂಟೆ ಉರುಳಿಸಿದ ಹಾಗೆ ಏನೋ ಒಂದು ಗುಂಯ್ ಎಂದಿತು, ಅಷ್ಟೆ. ಆ ಕತ್ತಲಲ್ಲಿ ಕುಳಿತಿದ್ದಾಗ ರಾತ್ರಿ ಶಾಲೆಯ ಮೇಷ್ಟ್ರು ನೆನಪಾದರು. ಅವರು ನಮ್ಮ ಕಡೆ ತಿರುಗಿ ಹೇಳಿದ ಪಾಠವೆಲ್ಲ ನನಗೆ ಬರುತ್ತಿತ್ತು. ಬೋರ್ಡಿನ ಕಡೆ ತಿರುಗಿ ಹೇಳಿದ್ದು ಒಂದೂ ತಲೆಗೆ ಹತ್ತುತ್ತಿರಲಿಲ್ಲ. ನಾನು ದಡ್ಡಿ, ಅರ್ಧ ಪಾಠ ಮಾತ್ರ ಹಿಡಿಸುವ ತಲೆ ನನ್ನದು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆನಲ್ಲ!

ಕಣ್ಣು ಬಿಟ್ಟಾಗ ಸೊಸೆ ಕುರ್ಚಿಯನ್ನು ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಿದ್ದಳು.

"ಅತ್ತೆ, ನನಗೆ ಬೆಳಗಿನ ಕೆಲಸ ಬಂದಿದೆ. ಪುಟ್ಟೀನ ನೀವು ನೋಡ್ಕೋತೀರಾ?"

"ನೋಡ್ಕೋತೀನಿ," ಎಂದೆ. ಅವಳ ಮಾತು ಮುಗಿಯುವುದನ್ನೂ ಕಾಯಲಿಲ್ಲ.

ಅವಳ ಮುಖ ಅರಳಿತು. ಅರ್ಧ ನಿಮಿಷ ನಾವು ಮೂವರೂ ಖುಷಿಯಾಗಿದ್ದೆವು. ಆಮೇಲೆ ಅವಳ ಹುಬ್ಬು ಗಂಟಾಗುವುದನ್ನು ಕಂಡೆ. ಏನು ಬರುತ್ತದೆಂದು ಅವಳು ಹೇಳುವ ಮೊದಲೇ ನನಗೆ ತಿಳಿಯಿತು.

"ಅವಳು ಒಳಗೆ ಮಲಗಿರ್ತಾಳೆ. ನೀವು ಇಲ್ಲಿ ಏನೋ ಮಾಡ್ತಾ ಇರ್ತೀರಿ. ಅವಳು ಎದ್ದು ಅತ್ರೆ... ನಿಮಗೆ ಕೇಳುತ್ತಾ?"

ಒಂದು ಚೂರು ಕೇಳುತ್ತದೆ ಎನ್ನಬಹುದಿತ್ತು. ಹಾಗೆನ್ನಲು ನಾಲಿಗೆ ತುದಿಗೆ ಬಂದಿತ್ತು. ಅವಳೂ ಹೂಂ ಅನ್ನಲಿ ಎಂದೇ ನನ್ನನ್ನು ನೋಡುತ್ತಿದ್ದಳು, ಅಂದಿದ್ದರೆ ನಂಬುತ್ತಿದ್ದಳು. ನನಗೆ ಮಗು ಸಿಗುತ್ತಿತ್ತು, ಅವಳಿಗೆ ಕೆಲಸ. ಕಂಡಿಕೆ ಅಕ್ಕ ತಲೆ ತಗ್ಗಿಸಿ ಮೇಜಿನ ಮೇಲಿನ ಟೀ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಕೇಳಲ್ಲ," ಎಂದೆ.

ಸೊಸೆ ನನ್ನ ಕೈಯನ್ನು ಒಮ್ಮೆ ಒತ್ತಿ, ಕೆಲಸಕ್ಕೆ ಹೊತ್ತಾಯಿತೆಂದು ಎದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ನೋಡಿಸಿ ಮೆಷಿನ್ ಬರಲು ಎರಡು ತಿಂಗಳು ಬೇಕು ಎಂದು ಕಂಡಿಕೆ ಅಕ್ಕ ಹೇಳಿದಳು. ಶನಿವಾರಕ್ಕೆ ಎರಡು ದಿನ ಇತ್ತು.

ಆ ಸಂಜೆಯೆಲ್ಲ ನಾನು ಒಂದೇ ವಿಷಯ ಯೋಚಿಸಿದೆ. ಎಂಟು ಮಗ್ಗಗಳನ್ನು ನಾನು ಒಬ್ಬಳೇ ನೋಡಿಕೊಳ್ಳುತ್ತಿದ್ದೆ. ನೂಲು ಕಡಿದ ಸದ್ದು ಯಾರಿಗೂ ಕೇಳುವುದಿಲ್ಲ, ಕಿವಿ ಚೆನ್ನಾಗಿದ್ದವರಿಗೂ. ಮತ್ತೆ ಹೇಗೆ ತಿಳಿಯುತ್ತಿತ್ತು? ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ನೂಲಿನ ಮೇಲೆ ಬೆರಳಿಟ್ಟರೆ ಬಿಗಿ ಸಡಿಲವಾದದ್ದು ತಿಳಿಯುತ್ತಿತ್ತು. ಒಂದು ಮಗ್ಗ ನಿಂತರೆ ಪಾದದಡಿ ನೆಲದ ನಡುಕ ಬದಲಾಗುತ್ತಿತ್ತು. ಬೆನ್ನು ಹಾಕಿ ನಿಂತಿದ್ದರೂ ಐದನೆಯದು ನಿಂತಿತು ಎಂದು ಹೇಳುತ್ತಿದ್ದೆ. ಮಗು ಮಗ್ಗವಲ್ಲ, ಸರಿ. ಆದರೆ ಅಳುವ ಮುಂಚೆ ಅದೂ ಮೈ ಮುರಿಯುತ್ತದೆ.

ಶುಕ್ರವಾರ ಬೆಳಗ್ಗೆ ಮಗ ಹೋದ ಮೇಲೆ ಸೊಸೆಯನ್ನು ಕರೆದೆ. ತೊಟ್ಟಿಲನ್ನು ನಾನು ಕೂರುವ ಕೋಣೆಗೆ ತಂದಿದ್ದೆ. ಅದರ ಚೌಕಟ್ಟಿಗೆ ಒಂದು ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಎಡಗೈ ಮಣಿಕಟ್ಟಿಗೆ ಸಡಿಲವಾಗಿ ಸುತ್ತಿಕೊಂಡಿದ್ದೆ.

"ಪುಟ್ಟಿ ಮಲಗಿದ್ದಾಳೆ. ನಾನು ಅವಳಿಗೆ ಬೆನ್ನು ಹಾಕಿ ಬಟಾಣಿ ಬಿಡಿಸ್ತಾ ಕೂತ್ಕೋತೀನಿ. ನೀನು ಆ ಮೂಲೆಯಲ್ಲಿ ಕೂತು ನೋಡು. ನಂಗೆ ಏನೂ ಹೇಳ್ಬೇಡ, ಸನ್ನೇನೂ ಮಾಡ್ಬೇಡ. ಅವಳು ಅತ್ತು ನಾನು ಏಳ್ಲಿಲ್ಲ ಅಂದ್ರೆ, ನಿನಗಿಂತ ಮುಂಚೆ ನಾನೇ ಬೇಡ ಅಂತೀನಿ."

"ಅತ್ತೆ, ನಿಮ್ಮನ್ನ ಪರೀಕ್ಷೆ ಮಾಡೋಕೆ ನಂಗೆ—"

"ಮಾಡ್ಬೇಕು. ನಿನ್ನ ಮಗು. ನನ್ನ ಮೇಲಿನ ಮರ್ಯಾದೆಗೆ ಅದನ್ನ ಬಿಟ್ಟು ಹೋಗ್ಬೇಡ."

ಅವಳು ಮೂಲೆಯಲ್ಲಿ ಕುಳಿತಳು. ನಾನು ಬಟಾಣಿ ಬಿಡಿಸತೊಡಗಿದೆ. ದಾರ ಎರಡು ಬಾರಿ ಮಿಡಿಯಿತು. ತಿರುಗಿ ನೋಡಿದರೆ ಮಗು ನಿದ್ದೆಯಲ್ಲೇ ಮಗ್ಗುಲು ಬದಲಿಸಿತ್ತು. ಮೂರನೆಯ ಸಲ ಸೆಳೆತ ಬೇರೆ ಥರ ಇತ್ತು, ತುಂಡುತುಂಡಾಗಿ. ತಿರುಗಿದೆ. ಮಗು ಕಣ್ಣು ಬಿಟ್ಟುಕೊಂಡು, ಅಳದೆ, ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಳ್ಳಲು ಹೆಣಗುತ್ತಿತ್ತು. ಅದು ಸಿಕ್ಕ ಮೇಲೆ ಮತ್ತೆ ನಿದ್ದೆಹೋಯಿತು. ಒಂದು ಗಂಟೆ ಕಳೆಯಿತು. ಆಮೇಲೆ ದಾರ ಒಮ್ಮೆಲೇ ಬಿಗಿಯಿತು, ಸಡಿಲಿತು, ಮತ್ತೆ ಬಿಗಿಯಿತು. ನಾನು ಬಟಾಣಿ ತಟ್ಟೆ ಕೆಳಗಿಟ್ಟು ಎದ್ದೆ. ತೊಟ್ಟಿಲ ಹತ್ತಿರ ಹೋಗುವ ಹೊತ್ತಿಗೆ ಪುಟ್ಟಿಯ ಬಾಯಿ ತೆರೆದು ಮುಖ ಕೆಂಪಾಗಿತ್ತು. ಎತ್ತಿಕೊಂಡೆ.

ಸೊಸೆ ಮೂಲೆಯಿಂದ ಎದ್ದು ಬಂದಳು. "ನೀವು ಎದ್ದು ಎರಡು ಹೆಜ್ಜೆ ಹಾಕಿದ ಮೇಲೆ ಅವಳು ಅತ್ತಿದ್ದು ಅತ್ತೆ," ಎಂದಳು. ಆಮೇಲೆ, ಮಾತನ್ನು ಮುಚ್ಚಿಡುವ ಗುಣ ಅವಳಿಗೂ ಹೋಗಿತ್ತೇನೋ, ಇದನ್ನೂ ಸೇರಿಸಿದಳು: "ಆದ್ರೆ ಗ್ಯಾಸಿನವನು ಬಂದು ಮೂರು ಸಲ ಬಾಗಿಲು ಬಡಿದು ಹೋದ. ಅದು ನಿಮಗೆ ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ," ಎಂದು ಒಪ್ಪಿದೆ. "ಇವತ್ತು ಅಡುಗೆ ಹೇಗೆ ಮಾಡ್ತೀಯ?"

ಅವಳು ನಕ್ಕಳು. ಪಕ್ಕದ ಮನೆಯ ಟೈಲರಮ್ಮ ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆಯೇ ಇರುವವಳು. ಅವಳಿಗೊಂದು ಬೀಗದ ಕೈ ಕೊಡುವುದೆಂದು ಅಲ್ಲೇ ಗೊತ್ತುಮಾಡಿದೆವು. ಸಿಲಿಂಡರು ಬಂದರೂ, ಬೆಂಕಿ ಬಿದ್ದರೂ, ಅವಳು ಒಳಗೆ ಬಂದು ನನ್ನ ಭುಜ ಮುಟ್ಟಬೇಕು.

ಟೈಲರಮ್ಮನ ಒಲೆಯಲ್ಲಿ ಬೇಯಿಸಿ ತಂದದ್ದನ್ನು ಊಟ ಮಾಡುತ್ತ ಸೊಸೆಗೆ ಇನ್ನೊಂದನ್ನೂ ಹೇಳಿಬಿಟ್ಟೆ. "ನೀನು ಎದುರಿಗೆ ಕೂತು ಹೇಳಿದ್ರೂ ನಂಗೆ ಅರ್ಧ ತಿಳಿಯಲ್ಲ. ನಿನ್ನ ತುಟಿ ಅಲ್ಲಾಡೋದೇ ಇಲ್ಲ."

"ನಮಗೆ ಹಾಗೇ ಕಲಿಸಿರೋದು. ಬಾಯಿ ಅಗಲ ಮಾಡಿದ್ರೆ ಮೈಕಿಗೆ ಉಸಿರು ಬಡಿಯುತ್ತೆ. ಮೆತ್ತಗೆ, ಹತ್ತಿರದಿಂದ, ಒಂದೇ ಸಮ ಹೇಳ್ಬೇಕು."

"ಮೈಕಿಗೆ ಹಾಗೇ ಹೇಳು. ನಾನು ಮೈಕಲ್ಲ."

"ಅಲ್ಲಿ ನನ್ನ ಮುಖ ಯಾರಿಗೂ ಕಾಣಲ್ಲ ಅತ್ತೆ. ಕೇಳಿಸ್ತಾ ಅಂತ ಯಾರನ್ನೂ ಕೇಳೋಕೂ ಆಗಲ್ಲ. ಹೇಳಿಬಿಟ್ಟು ಕಿಟಕಿಯಿಂದ ಕೆಳಗೆ ನೋಡ್ತೀನಿ. ಜನ ಸರಿಯಾದ ಬಸ್ಸಿನ ಕಡೆ ನಡೆದ್ರೆ ತಲುಪಿತು ಅಂತ." ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ನಾನು ಕೇಳಿದೆ, ನೀವು ಬಟ್ಟೆ ಒಣಗಿಸಕ್ಕೆ ನಡೆದ್ರಿ. ಅದೇ ಉತ್ತರ ಅಂದ್ಕೊಂಡೆ."

ನನ್ನ ಕೆಲಸ ನನಗೆ ದನಿಯಿಲ್ಲದ ಮುಖ ಕೊಟ್ಟಿತ್ತು, ಅವಳ ಕೆಲಸ ಅವಳಿಗೆ ಮುಖವಿಲ್ಲದ ದನಿ. ಇಬ್ಬರೂ ನಮ್ಮ ನಮ್ಮ ಕಸುಬಿನಲ್ಲಿ ಗಟ್ಟಿಗರೇ. ಒಂದೇ ಅಡುಗೆಮನೆಯಲ್ಲಿ ಎರಡು ವರ್ಷ ಓಡಾಡಿದ್ದೆವು.

"ಈ ಕೆಲಸ ನಿಂಗೆ ಬೇಕಾ?" ಎಂದು ಕೇಳಿದೆ. "ನನ್ನ ಬಿಡು, ಮಗೂನ ಬಿಡು, ಅವನನ್ನೂ ಬಿಡು. ನಿಂಗೆ?"

ಅವಳು ತಟ್ಟೆಯನ್ನೇ ನೋಡುತ್ತ ಏನೋ ಅಂದಳು. ನಾನು ಮೇಜು ತಟ್ಟಿದೆ. ಅವಳು ಮುಖವೆತ್ತಿ, ಕಣ್ಣೀರು ಒರೆಸಿಕೊಂಡು, ಮಗುವಿಗೆ ಅಕ್ಷರ ಕಲಿಸುವವಳ ಹಾಗೆ ತುಟಿ ಬಿಡಿಸಿ ಹೇಳಿದಳು: "ತುಂಬಾ ಬೇಕು ಅತ್ತೆ. ಯಾರೂ ಕೇಳಿರ್ಲಿಲ್ಲ."

ಸಂಜೆ ಮಗ ಬಂದಾಗ ಅವನಿಗೆ ಚೆನ್ನಾಗಿ ಬಿತ್ತು. "ಅಮ್ಮನ ಹತ್ರ ಹೇಗೆ ಮಾತಾಡ್ಬೇಕು ಅಂತ ಇವಳಿಗೆ ಒಂದು ಮಾತು ಹೇಳೋಕಾಗ್ಲಿಲ್ವೇನೋ ನಿಂಗೆ?"

ಅವನು ಕೈಯ ಗ್ರೀಸು ಒರೆಸುತ್ತ ಪಾಪ, ಬೆಪ್ಪಾಗಿ ನಿಂತ. "ಏನು ಹೇಳೋದಮ್ಮ? ಎಲ್ಲರ ಅಮ್ಮಂದಿರ ಹತ್ರಾನೂ ಹಾಗೇ ಮಾತಾಡೋದಲ್ವಾ?"

ಶನಿವಾರ ಅವಳು ಒಪ್ಪಿಗೆ ಬರೆದುಕೊಟ್ಟಳು. ಒಂದು ತಿಂಗಳು ನೋಡೋಣ, ಇಬ್ಬರಲ್ಲಿ ಯಾರಿಗೆ ಭಯವಾದರೂ ಬಾಯಿಬಿಟ್ಟು ಹೇಳಬೇಕು ಎಂದು ನಮ್ಮಲ್ಲಿ ಮಾತಾಯಿತು. ಎರಡನೆಯ ವಾರವೇ ನನಗೆ ಭಯವಾಯಿತು. ಮಗು ತೆವಳುತ್ತ ಮಂಚದ ಕೆಳಗೆ ಸೇರಿ ಐದು ನಿಮಿಷ ಸಿಗಲಿಲ್ಲ. ಅವಳು ಮನೆಗೆ ಬಂದ ಕೂಡಲೆ ಹೇಳಿದೆ. ಅವಳು ಮಂಚದ ಸುತ್ತ ಹಲಗೆ ಹೊಡೆಸಿದಳು. ಮೆಷಿನ್ನೂ ಬಂತು. ಹಾಕಿಕೊಳ್ಳುತ್ತೇನೆ, ಆದರೆ ದಾರ ಬಿಟ್ಟಿಲ್ಲ. ಬ್ಯಾಟರಿಯನ್ನು ನಂಬುವ ವಯಸ್ಸಲ್ಲ ನನ್ನದು.

ನಮ್ಮ ಮನೆಯಲ್ಲಿ ಮೊದಲು ಅತ್ತೆ ಸೊಸೆಗೆ ಜಗಳವೇ ಇರಲಿಲ್ಲ. ಎಷ್ಟು ಹೊಂದಿಕೊಂಡಿದ್ದಾರೆ ಎಂದು ಬೀದಿಯವರು ಹೊಗಳುತ್ತಿದ್ದರು. ಒಬ್ಬರದು ಒಬ್ಬರ ಕಿವಿಗೆ ಬಿದ್ದರಲ್ಲವೇ ಜಗಳ? ಈಗ ವಾರಕ್ಕೆ ಎರಡಾದರೂ ಆಗುತ್ತವೆ. ನಿನ್ನೆಯದು ಹೀಗೆ. ಅವಳು ಕೆಲಸದಿಂದ ಬಂದು, ಮಗುವನ್ನು ಎತ್ತಿಕೊಂಡು, ಕುರ್ಚಿ ಎಳೆದು ನನ್ನ ಎದುರಿಗೇ ಕುಳಿತಳು.

"ಅತ್ತೆ, ಪುಟ್ಟಿಗೆ ಸಿಹಿ ಬಿಸ್ಕತ್ತು ಕೊಡ್ಬೇಡಿ ಅಂದಿದ್ದೆ."

"ಕೊಟ್ಟಿಲ್ಲ."

"ಗಲ್ಲದ ಮೇಲೆ ಪುಡಿ ಇದೆ."

"ನಾನು ತಿಂದಿದ್ದು."

"ನೀವು ತಿಂದ ಪುಡಿ ಅವಳ ಗಲ್ಲಕ್ಕೆ ಹೇಗೆ ಹಾರ್ತು?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಒಂದು ಕೊಟ್ಟೆ," ಎಂದೆ.

"ಎಷ್ಟು?"

"ಎರಡು."

"ಅತ್ತೆ."

"ಮೂರನೇದು ಅವಳೇ ಕಿತ್ಕೊಂಡ್ಲು, ಅದು ನನ್ನ ಮೇಲೆ ಹಾಕ್ಬೇಡ," ಎಂದೆ.